ಈಸ್ಟ್ ಕೆಂಪು ಬಂದಿದೆ, ಇಡ್ಲಿ ಬಿಡಬೇಕಾ?

ಪ್ರಶ್ನೆ: ಡಾಕ್ಟ್ರೇ, ನಮಸ್ಕಾರ. ನನಗೆ 38 ವರ್ಷ. ತುಮಕೂರಿನಲ್ಲಿ ಶಾಲಾ ಶಿಕ್ಷಕಿ. ಎರಡು ವರ್ಷದಿಂದ ಹೊಟ್ಟೆ ಉಬ್ಬರ, ಗ್ಯಾಸ್. ಮಧ್ಯಾಹ್ನದ ಪಾಠದ ಹೊತ್ತಿಗೆ ಹೊಟ್ಟೆ ಬಿಗಿದುಕೊಂಡು ನಿಲ್ಲೋಕೂ ಆಗಲ್ಲ, ವಿಪರೀತ ಸುಸ್ತು. ಮೈಮೇಲೆ ಗಂಧೆ ಏಳುವುದು, ಉಸಿರು ಕಟ್ಟುವುದು ಯಾವತ್ತೂ ಆಗಿಲ್ಲ. ಪರಿಚಯದವರೊಬ್ಬರು ಹೇಳಿದರೆಂದು ಫುಡ್ ಇಂಟಾಲರೆನ್ಸ್ ಟೆಸ್ಟ್ (ಯಾವ ಆಹಾರ ಆಗಿಬರಲ್ಲ ಅಂತ ಹೇಳುವ ರಕ್ತ ಪರೀಕ್ಷೆ) ಮಾಡಿಸಿದೆ. ಅದರಲ್ಲಿ ಬೇಕರ್ಸ್ ಈಸ್ಟ್ (ಬ್ರೆಡ್ ಉಬ್ಬಿಸುವ ಸೂಕ್ಷ್ಮಜೀವಿ) ಕೆಂಪು, ಬ್ರೂವರ್ಸ್ ಈಸ್ಟ್ ಹಸಿರು, ಗೋಧಿ ಮತ್ತು ಹಾಲು ಹಳದಿ ಬಂದಿವೆ. ಅನುಮಾನ ಬಂದು ಇನ್ನೊಂದು ಲ್ಯಾಬ್‌ನಲ್ಲಿ ಅಲರ್ಜಿ ಟೆಸ್ಟ್ ಮಾಡಿಸಿದರೆ ಈಸ್ಟ್ ನೆಗೆಟಿವ್. ಮೊದಲ ರಿಪೋರ್ಟ್ ಜೊತೆ ಕೊಟ್ಟ ಚಾರ್ಟ್ ನೋಡಿಕೊಂಡು ಬ್ರೆಡ್, ಬನ್ ಅಷ್ಟೇ ಅಲ್ಲ, ಇಡ್ಲಿ, ದೋಸೆ, ಮೊಸರು, ದ್ರಾಕ್ಷಿ, ಅಣಬೆ, ಬೆಲ್ಲ, ಸಕ್ಕರೆ ಎಲ್ಲ ಬಿಟ್ಟು ನಾಲ್ಕು ತಿಂಗಳಾಯಿತು. ಬ್ರೆಡ್ ಬಿಟ್ಟ ಮೇಲೆ ಸ್ವಲ್ಪ ವಾಸಿ ಅನ್ನಿಸಿತು. ಆದರೆ ಮುದ್ದೆ, ಅವರೆಕಾಳು ಸಾರು ಉಂಡ ದಿನ ಮತ್ತೆ ಅದೇ ಕಥೆ. ಅದರಲ್ಲಿ ಈಸ್ಟ್ ಎಲ್ಲಿದೆ? ಈ ನಾಲ್ಕು ತಿಂಗಳಲ್ಲಿ ತೂಕ 5 ಕೆ.ಜಿ. ಇಳಿದಿದೆ. ಯಾವ ರಿಪೋರ್ಟ್ ನಂಬಲಿ? ಇಡ್ಲಿ ತಿನ್ನಬಹುದಾ? 9 ವರ್ಷದ ಮಗಳೂ ಆಗಾಗ ಹೊಟ್ಟೆನೋವು ಅನ್ನುತ್ತಾಳೆ. ಅವಳಿಗೂ ಈ ಟೆಸ್ಟ್ ಮಾಡಿಸಲಾ? ಎರಡೂ ರಿಪೋರ್ಟ್‌ಗಳ ಫೋಟೋ ಕಳಿಸಿದ್ದೇನೆ.
– ಓದುಗರು, ತುಮಕೂರು

ಉತ್ತರ: ಮೊದಲು ಇಡ್ಲಿಯ ವಿಷಯ ಮುಗಿಸೋಣ. ತಿನ್ನಿ. ನಾಳೆ ಬೆಳಗ್ಗೆಯೇ ತಿನ್ನಿ. ನಿಮ್ಮ ಎರಡೂ ರಿಪೋರ್ಟ್ ನೋಡಿದೆ. ಹೊಟ್ಟೆ ಉಬ್ಬರಕ್ಕೆ ಈಸ್ಟೇ ಕಾರಣ ಅಂತ ಎರಡರಲ್ಲಿ ಯಾವುದೂ ಹೇಳುತ್ತಿಲ್ಲ. ಒಂದು ಸರಿ, ಇನ್ನೊಂದು ತಪ್ಪು ಅಂತಲೂ ಅಲ್ಲ. ಎರಡು ಲ್ಯಾಬ್‌ಗಳೂ ಎರಡು ಬೇರೆ ಬೇರೆ ಸಂಗತಿಗಳನ್ನು ಅಳೆದಿವೆ, ಅಷ್ಟೇ. ನಿಮ್ಮ ಪತ್ರದಲ್ಲಿ ನನಗೆ ಚಿಂತೆ ತಂದದ್ದು ಆ ಕೆಂಪು ಬಣ್ಣ ಅಲ್ಲ, ಇಳಿದಿರುವ 5 ಕೆ.ಜಿ. ತೂಕ. ಅದರ ಬಗ್ಗೆ ಮುಂದೆ ಬರೆದಿದ್ದೇನೆ, ದಯವಿಟ್ಟು ಅಲ್ಲಿವರೆಗೂ ಓದಿ.

ಎರಡನೇ ಲ್ಯಾಬ್‌ನಿಂದ ಶುರು ಮಾಡೋಣ, ಅದು ಸುಲಭ. ಅಲ್ಲಿ ಅಳೆದದ್ದು ಐಜಿಇ ಅನ್ನುವ ಪ್ರತಿಕಾಯ, ಅಂದರೆ ಹೊರಗಿನ ವಸ್ತುವನ್ನು ಗುರುತಿಸಲು ದೇಹ ರಕ್ತದಲ್ಲಿ ತಯಾರಿಸುವ ಪ್ರೋಟೀನ್. ಆಹಾರದ ಅಲರ್ಜಿ ಅಂತ ನಾವು ಡಾಕ್ಟರುಗಳು ಹೇಳುವಾಗ ಮುಖ್ಯವಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದು ಇದನ್ನೇ. ಕಡಲೆಕಾಯಿ, ಸೀಗಡಿ, ಮೊಟ್ಟೆ ಇಂಥವು ಆಗದವರಿಗೆ ತಿಂದ ಕೆಲವೇ ನಿಮಿಷದಲ್ಲಿ, ಹೆಚ್ಚೆಂದರೆ ಎರಡು ಗಂಟೆಯೊಳಗೆ ತುಟಿ ಊದಿಕೊಳ್ಳುತ್ತದೆ, ಗಂಧೆ ಏಳುತ್ತದೆ, ವಾಂತಿ ಆಗುತ್ತದೆ, ಕೆಲವರಿಗೆ ಉಸಿರೇ ಕಟ್ಟುತ್ತದೆ. ನಿಮಗೆ ಇದ್ಯಾವುದೂ ಇಲ್ಲ. ಈ ಟೆಸ್ಟ್‌ನಲ್ಲಿ 0.35ಕ್ಕಿಂತ ಕಡಿಮೆ ಬಂದರೆ ಸಾಮಾನ್ಯವಾಗಿ ನೆಗೆಟಿವ್ ಅನ್ನುತ್ತಾರೆ. ನಿಮ್ಮದು 0.10ಕ್ಕಿಂತ ಕಡಿಮೆ. ಲಕ್ಷಣವೂ ಇಲ್ಲ, ಅಂಕಿಯೂ ಇಲ್ಲ. ಹಾಗಾಗಿ ನಿಮಗೆ ಈಸ್ಟ್ ಅಲರ್ಜಿ ಇಲ್ಲ. ಈಸ್ಟ್ ತಿಂದು ಆಗುವ ಅಲರ್ಜಿ ಹಾಗೆ ನೋಡಿದರೆ ಬಹಳ ಅಪರೂಪ.

ಮೊದಲ ಲ್ಯಾಬ್ ಅಳೆದದ್ದು ಐಜಿಜಿ. ಹೆಸರಿನಲ್ಲಿ ಒಂದೇ ಅಕ್ಷರದ ವ್ಯತ್ಯಾಸ, ಕೆಲಸ ಪೂರ್ತಿ ಬೇರೆ. ನಾವು ತಿಂದ ಆಹಾರದ ಚೂರುಪಾರು ಪ್ರೋಟೀನ್ ಕರುಳು ದಾಟಿ ರಕ್ತಕ್ಕೆ ಬರುತ್ತಲೇ ಇರುತ್ತದೆ. ದೇಹ ಅದನ್ನು ಗುರುತಿಟ್ಟುಕೊಂಡು ಐಜಿಜಿ ತಯಾರಿಸುತ್ತದೆ. ಜಾಸ್ತಿ ತಿಂದದ್ದಕ್ಕೆ ಸಾಮಾನ್ಯವಾಗಿ ಜಾಸ್ತಿ, ತಿನ್ನದ್ದಕ್ಕೆ ಕಡಿಮೆ. ನಮ್ಮ ಕಡೆ ಮದುವೆ ಮನೆಯಲ್ಲಿ ಮುಯ್ಯಿ ಪುಸ್ತಕ ಬರೆಯುತ್ತಾರಲ್ಲ, ಐಜಿಜಿ ಅಂಥದ್ದು. ಯಾರು ಬಂದಿದ್ದರು ಅಂತ ಅದರಲ್ಲಿ ಇರುತ್ತದೆ. ಯಾರು ಜಗಳ ಮಾಡಿದರು ಅಂತ ಅದರಲ್ಲಿ ಹುಡುಕಿದರೆ ಸಿಗಲ್ಲ.

ಇನ್ನೂ ಒಂದು ಮಾತಿದೆ. ಹಾಲು ಅಥವಾ ಮೊಟ್ಟೆಯ ಅಲರ್ಜಿ ಇರುವ ಮಕ್ಕಳಿಗೆ ಆಸ್ಪತ್ರೆಯಲ್ಲಿ, ಡಾಕ್ಟರ ಕಣ್ಣೆದುರು, ಸ್ವಲ್ಪ ಸ್ವಲ್ಪವೇ ಕೊಟ್ಟು ಒಗ್ಗಿಸುವ ಚಿಕಿತ್ಸೆ ಇದೆ. ಮಗುವಿಗೆ ಆ ಆಹಾರ ಒಗ್ಗುತ್ತಾ ಬಂದ ಹಾಗೆ ರಕ್ತದಲ್ಲಿ ಐಜಿಜಿ, ಅದರಲ್ಲೂ ಐಜಿಜಿ4 ಅನ್ನುವ ಬಗೆ, ಏರುತ್ತಾ ಹೋಗುತ್ತದೆ. ಅಂದರೆ ನಿಮ್ಮ ರಿಪೋರ್ಟ್‌ನಲ್ಲಿ ಕೆಂಪು ಬಣ್ಣ ಬಳಿದು ಹೆದರಿಸಿರುವ ಅಂಕಿ, ಎಷ್ಟೋ ಸಲ ದೇಹ ಆ ಆಹಾರಕ್ಕೆ ಹೊಂದಿಕೊಂಡಿದೆ ಅನ್ನುವುದರ ಗುರುತು. ಯುರೋಪಿನ ಅಲರ್ಜಿ ತಜ್ಞರ ಸಂಘ 2008ರಲ್ಲಿ, ಕೆನಡಾದ ತಜ್ಞರ ಸಂಘ 2012ರಲ್ಲಿ, ಆಹಾರ ಆಗಿಬರುತ್ತದಾ ಇಲ್ಲವಾ ಎಂದು ತಿಳಿಯಲು ಐಜಿಜಿ ಟೆಸ್ಟ್ ಬಳಸಬೇಡಿ ಎಂದು ಬಹಿರಂಗವಾಗಿಯೇ ಹೇಳಿವೆ. ಅಮೆರಿಕದ ಅಲರ್ಜಿ ತಜ್ಞರ ನಿಲುವೂ ಅದೇ. ಇಷ್ಟೆಲ್ಲ ಆದ ಮೇಲೂ ಇಂಥ ಪ್ಯಾನೆಲ್‌ಗಳನ್ನು ಸುಸ್ತಾದವರಿಗೆ, ನೊಂದವರಿಗೆ ಸಾವಿರಾರು ರೂಪಾಯಿಗೆ ಮಾರುತ್ತಿರುವುದು ನನಗೆ ಬಹಳ ಬೇಸರ ತರಿಸುವ ಸಂಗತಿ.

ಈಗ ನಿಮ್ಮ ರಿಪೋರ್ಟ್‌ನ ಆ ಎರಡು ಸಾಲು ನೋಡಿ. ಬೇಕರ್ಸ್ ಈಸ್ಟ್ ಕೆಂಪು, ಅದರ ಕೆಳಗೇ ಬ್ರೂವರ್ಸ್ ಈಸ್ಟ್ ಹಸಿರು. ಒಂದು ಬ್ರೆಡ್ ಉಬ್ಬಿಸುವ ಈಸ್ಟ್, ಇನ್ನೊಂದು ಬಿಯರ್ ಮಾಡುವ ಈಸ್ಟ್. ಆದರೆ ಎರಡೂ ಸ್ಯಾಕರೊಮೈಸಿಸ್ ಸೆರವಿಸಿಯೆ ಅನ್ನುವ ಒಂದೇ ಜೀವಿಯ ಬೇರೆ ಬೇರೆ ತಳಿಗಳು. ಅವುಗಳ ಪ್ರೋಟೀನ್, ಹೊರಗಿನ ಕವಚ ಎಲ್ಲ ಹೆಚ್ಚೂಕಡಿಮೆ ಒಂದೇ. ನಿಮ್ಮ ದೇಹ ನಿಜವಾಗಿಯೂ ಈಸ್ಟ್ ಮೇಲೆ ಮುನಿಸಿಕೊಂಡಿದ್ದರೆ ಎರಡೂ ಸಾಲು ಒಟ್ಟಿಗೆ ಏರಬೇಕಿತ್ತು ಅಲ್ವಾ? ಹಾಗಾಗಿಲ್ಲ. ಲ್ಯಾಬ್ ಬಳಸುವ ಸಾರ ಬೇರೆ, ಪರೀಕ್ಷೆಯ ತಟ್ಟೆಗೆ ಅದು ಅಂಟುವ ರೀತಿ ಬೇರೆ, ಕೆಂಪು ಎಲ್ಲಿಂದ, ಹಳದಿ ಎಲ್ಲಿಂದ ಅಂತ ಗೆರೆ ಎಳೆಯುವುದು ಆಯಾ ಕಂಪನಿ. ಆ ಗೆರೆಗಳನ್ನು ಕಾಯಿಲೆ ಇರುವವರನ್ನು, ಇಲ್ಲದವರನ್ನು ಪರೀಕ್ಷಿಸಿ ಎಳೆದದ್ದಲ್ಲ. ಹಾಗಾಗಿ ಪಕ್ಕಪಕ್ಕದ ಎರಡು ಸಾಲು ಹೀಗೆ ಒಂದಕ್ಕೊಂದು ವಿರುದ್ಧ ಹೇಳುತ್ತವೆ. ಕೊನೆಯ ಪುಟದ ಸಣ್ಣ ಅಕ್ಷರವನ್ನೂ ಒಮ್ಮೆ ಓದಿ. ಈ ಫಲಿತಾಂಶದಿಂದ ಕಾಯಿಲೆ ನಿರ್ಧರಿಸಬಾರದು ಅಂತ ಅಲ್ಲೇ ಅಚ್ಚಾಗಿದೆ.

ಈಸ್ಟ್ ಐಜಿಜಿ ಏರಲು ಬ್ರೆಡ್ಡೇ ತಿನ್ನಬೇಕು ಅಂತಲೂ ಇಲ್ಲ. ಕ್ಯಾಂಡಿಡಾ ಅನ್ನುವ ಇನ್ನೊಂದು ಜಾತಿಯ ಈಸ್ಟ್ ಆರೋಗ್ಯವಂತರ ಬಾಯಲ್ಲಿ, ಕರುಳಲ್ಲಿ ಸುಮ್ನೆ ಇರುತ್ತದೆ. ಎರಡರ ಕವಚದಲ್ಲೂ ಮ್ಯಾನನ್ ಅನ್ನುವ ಸಕ್ಕರೆಯ ಸರಪಳಿ ಇದೆ. ಒಂದಕ್ಕೆಂದು ಹುಟ್ಟಿದ ಪ್ರತಿಕಾಯ ಇನ್ನೊಂದಕ್ಕೂ ಅಂಟಿಕೊಳ್ಳಬಹುದು.

ಕ್ಯಾಂಡಿಡಾ ಹೆಸರು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ನಿಮ್ಮ ಚಾರ್ಟ್‌ನಲ್ಲಿ ಬೆಲ್ಲ, ಸಕ್ಕರೆ ಬಿಡಿ ಅಂತ ಯಾಕಿದೆ ಗೊತ್ತಾ? ಹೊಟ್ಟೆಯಲ್ಲಿ ಈಸ್ಟ್ ತುಂಬಿಕೊಂಡು ಸುಸ್ತು, ಉಬ್ಬರ, ಮರೆವು ಎಲ್ಲ ತರುತ್ತದೆ, ಸಕ್ಕರೆ ಬಿಟ್ಟರೆ ಅದು ಸಾಯುತ್ತದೆ ಅನ್ನುವ ಒಂದು ವಾದ 1980ರ ದಶಕದಲ್ಲಿ ಅಮೆರಿಕದಲ್ಲಿ ಜೋರಾಗಿತ್ತು. ಅದನ್ನು ಪರೀಕ್ಷಿಸಿಯೂ ನೋಡಿದರು. 1990ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಇಂಥ ಲಕ್ಷಣಗಳಿದ್ದ 42 ಮಹಿಳೆಯರಿಗೆ ಈಸ್ಟ್ ಕೊಲ್ಲುವ ನಿಸ್ಟಾಟಿನ್ ಔಷಧಿಯನ್ನೂ ಬರೀ ಖಾಲಿ ಔಷಧಿಯನ್ನೂ ಯಾರಿಗೂ ಗೊತ್ತಾಗದಂತೆ ಬದಲಾಯಿಸಿ ಕೊಟ್ಟರು. ಸುಸ್ತು ಮುಂತಾದ ಮೈಯ ತೊಂದರೆಗಳಿಗೆ ನಿಸ್ಟಾಟಿನ್‌ನಿಂದ ಹೆಚ್ಚಿನ ಪ್ರಯೋಜನ ಕಾಣಲಿಲ್ಲ. ಸಕ್ಕರೆ ಕಡಿಮೆ ತಿನ್ನುವುದು ಒಳ್ಳೆಯದೇ, ಆದರೆ ಈಸ್ಟ್ ಸಾಯಿಸುವುದಕ್ಕಲ್ಲ.

ಈಸ್ಟ್ ಪ್ರತಿಕಾಯದ ಇನ್ನೊಂದು ಟೆಸ್ಟ್ ಇದೆ, ಅದನ್ನು ಇದರ ಜೊತೆ ಕಲಸಬೇಡಿ. ಆಸ್ಕಾ ಅಂತ ಹೆಸರು. ಕ್ರೋನ್ಸ್ ಅನ್ನುವ ಕರುಳಿನ ಕಾಯಿಲೆಯ ಅನುಮಾನ ಬಂದಾಗ ಗ್ಯಾಸ್ಟ್ರೋ ಡಾಕ್ಟರು ಕೆಲವೊಮ್ಮೆ ಬರೆದುಕೊಡುತ್ತಾರೆ. ಅದು ಪಾಸಿಟಿವ್ ಬಂದರೂ ಬ್ರೆಡ್ ಆಗಿಬರಲ್ಲ ಅಂತ ಅರ್ಥ ಅಲ್ಲ, ಕರುಳನ್ನು ಇನ್ನಷ್ಟು ನೋಡಬೇಕು ಅನ್ನುವುದಕ್ಕೆ ಒಂದು ಸುಳಿವು ಮಾತ್ರ. ನಮ್ಮ ದೇಶದಲ್ಲಿ ಆ ಸುಳಿವೂ ಗಟ್ಟಿಯಲ್ಲ. ಕ್ರೋನ್ಸ್ ಮತ್ತು ಕರುಳಿನ ಕ್ಷಯ ನೋಡಲು ಒಂದೇ ಥರ ಇರುತ್ತವೆ, ಆಸ್ಕಾದಿಂದ ಅವೆರಡನ್ನು ಬೇರೆ ಮಾಡಲು ಆಗುವುದಿಲ್ಲ ಎಂದು ಇಲ್ಲಿನ ಅಧ್ಯಯನಗಳೇ ತೋರಿಸಿವೆ. ನಿಮ್ಮ ರಿಪೋರ್ಟ್‌ನಲ್ಲಿ ಆಸ್ಕಾ ಇಲ್ಲ.

ಇನ್ನು ಊಟಕ್ಕೆ ಬರೋಣ. ನಿಮ್ಮ ಚಾರ್ಟ್ ಬರೆದವರು ಹುಳಿ ಬಂದದ್ದೆಲ್ಲ ಈಸ್ಟ್ ಅಂದುಕೊಂಡಿದ್ದಾರೆ. ಹಾಗಲ್ಲ. ಇಡ್ಲಿ ಹಿಟ್ಟು ಉಬ್ಬುವುದು ಮುಖ್ಯವಾಗಿ ಬ್ಯಾಕ್ಟೀರಿಯಾದಿಂದ. ಲ್ಯೂಕೊನಾಸ್ಟಾಕ್ ಅನ್ನುವುದು ಉದ್ದಿನ ಬೇಳೆಯ ಜೊತೆಯಲ್ಲೇ ಬಂದು ರಾತ್ರಿಯೆಲ್ಲ ಗಾಳಿ ಬಿಟ್ಟು ಹಿಟ್ಟನ್ನು ಎತ್ತುತ್ತದೆ, ಹುಳಿಯನ್ನೂ ಕೊಡುತ್ತದೆ. ಧನುರ್ಮಾಸದ ಚಳಿಯಲ್ಲಿ ಹಿಟ್ಟು ಉಬ್ಬಲಿಲ್ಲ ಅಂತ ಒದ್ದಾಡುವುದು ಈ ಬ್ಯಾಕ್ಟೀರಿಯಾ ಚಳಿಗೆ ನಿಧಾನವಾಗುವುದರಿಂದ. ಹಿಟ್ಟಿನಲ್ಲಿ ಒಂದಿಷ್ಟು ಕಾಡು ಈಸ್ಟ್ ಸೇರಿಕೊಂಡಿರುವುದೂ ನಿಜ, ಆದರೆ ಅವುಗಳ ಪಾಲು ಕಡಿಮೆ, ಹಬೆಯಲ್ಲಿ ಬೆಂದ ಮೇಲೆ ಅವು ಬದುಕಿರುವುದಿಲ್ಲ. ಹೊಟ್ಟೆಗೆ ಹೋಗಿ ಬೆಳೆಯುತ್ತವೆ ಅನ್ನುವ ಭಯ ಬೇಡ. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಇರಲಿ, ಮುಳಬಾಗಿಲು ದೋಸೆ ಇರಲಿ, ಈಸ್ಟ್ ಕಾರಣ ಹೇಳಿ ಬಿಡುವಂಥದ್ದಲ್ಲ.

ಮೊಸರು ಹೆಪ್ಪಾಗುವುದೂ ಬ್ಯಾಕ್ಟೀರಿಯಾದಿಂದಲೇ. ಅಣಬೆ ಶಿಲೀಂಧ್ರ ಹೌದು, ಈಸ್ಟ್ ಅಲ್ಲ. ದ್ರಾಕ್ಷಿಯ ಸಿಪ್ಪೆಯ ಮೇಲೆ ಕಾಡು ಈಸ್ಟ್ ಇರುತ್ತದೆ, ಹಳೆಯ ಕಾಲದ ರೀತಿಯಲ್ಲಿ ವೈನ್ ಆಗುವುದೇ ಅದರಿಂದ. ಆದರೆ ತೊಳೆದು ತಿನ್ನುವ ಒಂದು ಗೊಂಚಲಲ್ಲಿ ಅದು ಲೆಕ್ಕಕ್ಕೇ ಇಲ್ಲ. ಚಿಕ್ಕಬಳ್ಳಾಪುರದ ಕಡೆಯಿಂದ ಬರುವ ಬೆಂಗಳೂರು ಬ್ಲೂ ದ್ರಾಕ್ಷಿಯನ್ನು ನೀವು ನಾಲ್ಕು ತಿಂಗಳು ಸುಮ್ನೆ ಬಿಟ್ಟಿದ್ದೀರಿ.

ಅಡುಗೆ ಸೋಡಾ, ಬೇಕಿಂಗ್ ಪೌಡರ್ ಇವೆರಡೂ ಬರೀ ರಾಸಾಯನಿಕ. ಹಾಗಾಗಿ ಬೇಕರಿಯಲ್ಲೂ ಎಲ್ಲದರಲ್ಲಿ ಈಸ್ಟ್ ಇರುವುದಿಲ್ಲ. ಬ್ರೆಡ್, ಬೆಣ್ಣೆ ಬನ್, ಖಾರ ಬನ್, ಪಾವ್, ದಿಲ್‌ಪಸಂದ್, ಬ್ರೆಡ್ ಒಣಗಿಸಿ ಮಾಡಿದ ರಸ್ಕ್, ಇವಕ್ಕೆ ಈಸ್ಟ್ ಬೇಕೇ ಬೇಕು. ಕೇಕ್ ಸಾಮಾನ್ಯವಾಗಿ ಬೇಕಿಂಗ್ ಪೌಡರ್‌ನಿಂದ ಉಬ್ಬುತ್ತದೆ. ಪಫ್ಸ್ ಉಬ್ಬುವುದು ಪದರದ ನಡುವಿನ ಕೊಬ್ಬು ಮತ್ತು ಹಬೆಯಿಂದ. ಬೆಣ್ಣೆ ಬಿಸ್ಕತ್‌ಗೂ ಸಾಮಾನ್ಯವಾಗಿ ಈಸ್ಟ್ ಬೇಕಿಲ್ಲ. ಯಾರೂ ನೆನೆಸದ ಕಡೆ ಈಸ್ಟ್ ಇರುವುದು ಪೊಟ್ಟಣದ ಸೂಪ್, ಮಸಾಲೆ ಚಿಪ್ಸ್ ಇಂಥವುಗಳಲ್ಲಿ, ಈಸ್ಟ್ ಎಕ್ಸ್‌ಟ್ರಾಕ್ಟ್ ಅನ್ನುವ ಹೆಸರಲ್ಲಿ. ಲೇಬಲ್‌ನ ಪದಾರ್ಥಗಳ ಪಟ್ಟಿಯಲ್ಲೇ ಅದನ್ನು ನೋಡಬೇಕು. ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಅಲರ್ಜಿಯ ಎಚ್ಚರಿಕೆ ಹಾಕಲೇಬೇಕು ಎಂದು ಪಟ್ಟಿ ಮಾಡಿರುವ ಹಾಲು, ಮೊಟ್ಟೆ, ಮೀನು, ಕಡಲೆಕಾಯಿ, ಸೋಯಾ, ಗ್ಲುಟೆನ್ ಇರುವ ಧಾನ್ಯ ಮುಂತಾದವುಗಳಲ್ಲಿ ಈಸ್ಟ್ ಇಲ್ಲ.

ನಾಲ್ಕು ತಿಂಗಳಲ್ಲಿ ಈ ಥರದ್ದು ಎಷ್ಟು ತಿಂದಿರಿ ಅಂತ ನೆನಪು ಮಾಡಿಕೊಳ್ಳಿ. ಸ್ಟಾಫ್ ರೂಮಿನಲ್ಲಿ ಮಸಾಲೆ ಚಿಪ್ಸ್ ತಿಂದೂ ಏನೂ ಆಗದ ದಿನ ಇದ್ದರೆ, ಅದೂ ಒಂದು ಸಾಕ್ಷಿ.

ಹಾಗಾದರೆ ಬ್ರೆಡ್ ಬಿಟ್ಟಾಗ ವಾಸಿ ಅನ್ನಿಸಿದ್ದು ಸುಳ್ಳಾ? ಸುಳ್ಳಲ್ಲ. ನಿಮ್ಮ ಅನುಭವವನ್ನು ನಾನು ನಂಬುತ್ತೇನೆ. ಬ್ರೆಡ್ ಬಿಟ್ಟಾಗ ನೀವು ಈಸ್ಟ್ ಒಂದನ್ನೇ ಬಿಡಲಿಲ್ಲ, ಗೋಧಿಯನ್ನೂ ಕಡಿಮೆ ಮಾಡಿದಿರಿ. ಗೋಧಿ, ಮೈದಾದಲ್ಲಿ ಫ್ರಕ್ಟಾನ್ ಅನ್ನುವ ಒಂದು ಬಗೆಯ ಸಕ್ಕರೆಯ ಸರಪಳಿ ಇದೆ. ಅದನ್ನು ಕತ್ತರಿಸುವ ಕಿಣ್ವ ಮನುಷ್ಯರ ಯಾರ ಕರುಳಲ್ಲೂ ಇಲ್ಲ. ಅದು ಹಾಗೇ ದೊಡ್ಡ ಕರುಳಿಗೆ ಹೋಗುತ್ತದೆ, ಅಲ್ಲಿನ ಬ್ಯಾಕ್ಟೀರಿಯಾ ಅದನ್ನು ತಿಂದು ಗಾಳಿ ಬಿಡುತ್ತವೆ. ಎಲ್ಲರಿಗೂ ಆ ಗಾಳಿ ಆಗುತ್ತದೆ. ಕರುಳು ಸೂಕ್ಷ್ಮ ಇರುವವರಿಗೆ ಮಾತ್ರ ಅದು ಉಬ್ಬರ, ನೋವು ಅನ್ನಿಸುತ್ತದೆ. 2018ರಲ್ಲಿ ಪ್ರಕಟವಾದ ನಾರ್ವೆಯ ಒಂದು ಪ್ರಯೋಗದಲ್ಲಿ, ಗೋಧಿಯ ಗ್ಲುಟೆನ್ ತಮಗೆ ಆಗಲ್ಲ ಅನ್ನುತ್ತಿದ್ದ 59 ಜನರಿಗೆ ಗ್ಲುಟೆನ್ ಇರುವ, ಫ್ರಕ್ಟಾನ್ ಇರುವ, ಎರಡೂ ಇಲ್ಲದ ತಿಂಡಿಗಳನ್ನು ಯಾವುದು ಯಾವುದು ಅಂತ ಹೇಳದೆ ಒಂದೊಂದು ವಾರ ಕೊಟ್ಟರು. ಹೊಟ್ಟೆಯ ತೊಂದರೆ ಜಾಸ್ತಿ ಆದದ್ದು ಫ್ರಕ್ಟಾನ್ ವಾರದಲ್ಲಿ.

ಇಲ್ಲಿ ಈಸ್ಟ್ ಪರವಾಗಿ ಒಂದು ಮಾತು ಹೇಳಲೇಬೇಕು. ಹಿಟ್ಟು ಉಬ್ಬುವಾಗ ಈಸ್ಟ್ ಈ ಫ್ರಕ್ಟಾನನ್ನು ಒಡೆದು ತಿನ್ನುತ್ತದೆ. ಹೆಚ್ಚು ಹೊತ್ತು ಉಬ್ಬಲು ಬಿಟ್ಟ ಬ್ರೆಡ್‌ನಲ್ಲಿ ಫ್ರಕ್ಟಾನ್ ಕಡಿಮೆ, ಬೇಗ ಬೇಗ ಮಾಡಿ ಮುಗಿಸಿದ್ದರಲ್ಲಿ ಜಾಸ್ತಿ ಉಳಿಯುತ್ತದೆ. ನಿಮ್ಮ ರಿಪೋರ್ಟ್ ಯಾವುದನ್ನು ಕಳ್ಳ ಅಂತ ತೋರಿಸಿತೋ ಅದು ನಿಮಗೆ ಸಹಾಯವನ್ನೇ ಮಾಡುತ್ತಿತ್ತು.

ಈಗ ಅವರೆಕಾಳು. ಅದರಲ್ಲಿ ಈಸ್ಟ್ ಎಲ್ಲಿದೆ ಅಂತ ಕೇಳಿದ್ದೀರಲ್ಲ, ನಿಮ್ಮ ಇಡೀ ಪತ್ರದಲ್ಲಿ ಅತ್ಯಂತ ಮುಖ್ಯ ಪ್ರಶ್ನೆ ಅದೇ. ಈಸ್ಟ್ ಇಲ್ಲ. ಆದರೆ ಅವರೆ, ಹುರುಳಿ, ಅಲಸಂದೆ, ತೊಗರಿ ಎಲ್ಲದರಲ್ಲೂ ಫ್ರಕ್ಟಾನ್‌ನ ದಾಯಾದಿ ಇದ್ದಾನೆ, ಗ್ಯಾಲಕ್ಟೋಸ್ ಸರಪಳಿಯ ಸಕ್ಕರೆ. ಅದನ್ನು ಕತ್ತರಿಸುವ ಕಿಣ್ವವೂ ನಮ್ಮಲ್ಲಿಲ್ಲ. ಇದರ ಮೇಲೆ ಸಾರಿಗೆ ರುಬ್ಬಿದ ಈರುಳ್ಳಿ, ಬೆಳ್ಳುಳ್ಳಿ ಬೀಳುತ್ತದೆ, ಅವೆರಡೂ ಫ್ರಕ್ಟಾನ್‌ನ ಗಣಿ. ಮೆಲ್ಬರ್ನ್‌ನ ಮೊನಾಶ್ ವಿಶ್ವವಿದ್ಯಾಲಯದವರು ಇಂಥ ಸಕ್ಕರೆಗಳನ್ನೆಲ್ಲ ಸೇರಿಸಿ ಫಾಡ್‌ಮ್ಯಾಪ್ ಅಂತ ಹೆಸರಿಟ್ಟಿದ್ದಾರೆ. ಬ್ರೆಡ್ ತಿಂದಾಗಲೂ ಉಬ್ಬರ, ಅವರೆಕಾಳು ಸಾರು ಉಂಡಾಗಲೂ ಉಬ್ಬರ ಅಂದರೆ ಎರಡಕ್ಕೂ ಸಮನಾಗಿ ಇರುವುದು ಇದೇ. ಮುದ್ದೆಗಿಂತ ಸಾರಿನ ಮೇಲೆ ನನಗೆ ಅನುಮಾನ ಜಾಸ್ತಿ.

ಈ ಸಕ್ಕರೆಗಳು ನೀರಿನಲ್ಲಿ ಕರಗುತ್ತವೆ, ಎಣ್ಣೆಯಲ್ಲಿ ಕರಗುವುದಿಲ್ಲ. ಅಡುಗೆಮನೆಯಲ್ಲಿ ಇದು ತುಂಬ ಉಪಯೋಗಕ್ಕೆ ಬರುವ ವಿಷಯ. ಒಣ ಕಾಳನ್ನು ರಾತ್ರಿ ನೆನೆಸಿ ಆ ನೀರು ಚೆಲ್ಲಿ, ಬೇಯಿಸಿದ ಮೊದಲ ನೀರನ್ನೂ ಚೆಲ್ಲಿದರೆ ಗ್ಯಾಸ್ ಮಾಡುವ ಅಂಶ ಎಷ್ಟೋ ಕಡಿಮೆಯಾಗುತ್ತದೆ. ಅದೇ ಬಸ್ಸಾರು ಮಾಡಿದರೆ? ಕಾಳು ಬೇಯಿಸಿ ಬಸಿದ ಕಟ್ಟೇ ಸಾರಾಗುತ್ತದೆ, ಕರಗಿದ ಸಕ್ಕರೆಯೆಲ್ಲ ಅದರಲ್ಲೇ. ಹುರುಳಿಕಟ್ಟಿನ ಸಾರೂ ಹಾಗೇ. ಇವನ್ನು ಬಿಟ್ಟೇಬಿಡಿ ಅಂತ ಹೇಳುತ್ತಿಲ್ಲ, ಒಂದು ಲೋಟದ ಬದಲು ಅರ್ಧ ಸೌಟು ಹಾಕಿಕೊಂಡು ನೋಡಿ. ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಕಾಯಿಸಿ ತೆಗೆದುಬಿಟ್ಟರೆ ಒಗ್ಗರಣೆಗೆ ಘಮ ಉಳಿಯುತ್ತದೆ, ಫ್ರಕ್ಟಾನ್ ಎಣ್ಣೆಗೆ ಬರುವುದಿಲ್ಲ. ಹೋಟೆಲ್ ಇಡ್ಲಿ ಆಗಲ್ಲ ಅನ್ನುವ ಎಷ್ಟೋ ಜನರಿಗೆ ಆಗದಿರುವುದು ಇಡ್ಲಿ ಅಲ್ಲ, ಬಟ್ಟಲು ತುಂಬ ಕುಡಿದ ಈರುಳ್ಳಿ ಸಾಂಬಾರು.

ಹಾಲಿನ ಹಳದಿ ಬಣ್ಣವನ್ನೂ ಮರೆತುಬಿಡಿ, ಆದರೆ ಹಾಲನ್ನು ಮರೆಯಬೇಡಿ. ದೊಡ್ಡವರಾದ ಮೇಲೆ ಹಾಲಿನ ಸಕ್ಕರೆ ಲ್ಯಾಕ್ಟೋಸ್ ಜೀರ್ಣವಾಗದಿರುವುದು ದಕ್ಷಿಣ ಭಾರತದಲ್ಲಿ ಬಹಳ ಸಾಮಾನ್ಯ. ಅದಕ್ಕೂ ಐಜಿಜಿಗೂ ಸಂಬಂಧವಿಲ್ಲ. ಬನ್ ಅನ್ನು ಹಾಲಿಗೋ ಕಾಫಿಗೋ ಅದ್ದಿ ತಿನ್ನುವ ಅಭ್ಯಾಸ ಇದ್ದರೆ, ತಪ್ಪು ಬನ್ನಿನದೋ ಹಾಲಿನದೋ ಹೇಗೆ ಗೊತ್ತಾಗಬೇಕು? ಎರಡು ವಾರ ಹಾಲು ಬಿಟ್ಟು, ಮೊಸರು ಮಾತ್ರ ಇಟ್ಟುಕೊಂಡು, ಆಮೇಲೆ ಖಾಲಿ ಹೊಟ್ಟೆಗೆ ಒಂದು ದೊಡ್ಡ ಲೋಟ ಹಾಲು ಕುಡಿದು ನೋಡಿ. ಖಚಿತ ಬೇಕಾದರೆ ಬೆಂಗಳೂರಿನ ದೊಡ್ಡ ಆಸ್ಪತ್ರೆಗಳಲ್ಲಿ ಉಸಿರಿನ ಹೈಡ್ರೋಜನ್ ಟೆಸ್ಟ್ ಇದೆ.

ಈಸ್ಟ್ ಬಗ್ಗೆ ನನ್ನ ಮಾತನ್ನೂ ಹಾಗೇ ಒಪ್ಪಬೇಕಿಲ್ಲ. ನೀವು ಟೀಚರ್, ಮನೆಯಲ್ಲೇ ಪ್ರಯೋಗ ಮಾಡಿ. ತಿಂದ ತಕ್ಷಣ ಗಂಧೆ, ಊತ, ಉಸಿರಿನ ತೊಂದರೆ ಯಾವತ್ತಾದರೂ ಆಗಿರುವವರು ಮಾತ್ರ ಇದನ್ನು ಮನೆಯಲ್ಲಿ ಮಾಡಬಾರದು. ನಿಮಗೆ ಆ ಭಯವಿಲ್ಲ. ಅಕ್ಕಿಹಿಟ್ಟಿಗೆ ಸ್ವಲ್ಪ ಅನ್ನ ರುಬ್ಬಿ ಸೇರಿಸಿ, ಪಡ್ಡಿನ ಹದಕ್ಕೆ ಕಲಸಿ, ಎರಡು ಪಾತ್ರೆಗೆ ಹಾಕಲು ಮನೆಯವರಿಗೆ ಹೇಳಿ. ಒಂದಕ್ಕೆ ಅಂಗಡಿಯ ಒಣ ಈಸ್ಟ್ ಅರ್ಧ ಚಮಚ, ಇನ್ನೊಂದಕ್ಕೆ ಹುಯ್ಯುವ ಮುಂಚೆ ಚಿಟಿಕೆ ಸೋಡಾ. ಯಾವುದು ಯಾವುದು ಅಂತ ಅವರಿಗೆ ಮಾತ್ರ ಗೊತ್ತಿರಲಿ. ಈಸ್ಟ್ ವಾಸನೆ ಗೊತ್ತಾಗದ ಹಾಗೆ ಎರಡಕ್ಕೂ ಜೀರಿಗೆ, ಕರಿಬೇವು, ಹಸಿಮೆಣಸಿನಕಾಯಿ ಜೋರಾಗಿ ಹಾಕಿ. ಈರುಳ್ಳಿ, ಉದ್ದು, ಕಡಲೆಬೇಳೆ ಬೇಡ. ಮೂರು ದಿನ ಒಂದು ಬಗೆಯ ಪಡ್ಡು, ನಾಲ್ಕು ದಿನ ಬಿಟ್ಟು ಮೂರು ದಿನ ಇನ್ನೊಂದು. ಮಿಕ್ಕ ಊಟ ಒಂದೇ ಥರ ಇರಲಿ. ಪ್ರತಿದಿನ ಸಂಜೆ ಉಬ್ಬರಕ್ಕೆ ಹತ್ತಕ್ಕೆ ಇಷ್ಟು ಅಂತ ಅಂಕ ಬರೆದಿಡಿ, ಕೊನೆಗೆ ಮನೆಯವರನ್ನು ಕೇಳಿ. ಇದರಲ್ಲಿ ಗೋಧಿ ಇಲ್ಲ, ಈಸ್ಟ್ ಇದೆ. ಆಮೇಲೆ ಮೂರು ದಿನ ಚಪಾತಿ ತಿನ್ನಿ. ಅದರಲ್ಲಿ ಗೋಧಿ ಇದೆ, ಈಸ್ಟ್ ಇಲ್ಲ. ಚಪಾತಿಗೆ ಉಬ್ಬಿ, ಈಸ್ಟ್ ಪಡ್ಡಿಗೆ ಏನೂ ಆಗದಿದ್ದರೆ ನಿಮ್ಮ ಪ್ರಶ್ನೆಗೆ ಉತ್ತರ ನಿಮ್ಮ ನೋಟ್‌ಬುಕ್‌ನಲ್ಲೇ ಸಿಕ್ಕಿತು. ಈಸ್ಟ್ ಪಡ್ಡಿಗೆ ಮಾತ್ರ ಮತ್ತೆ ಮತ್ತೆ ಉಬ್ಬರ ಬಂದರೆ ನನಗೆ ಬರೆಯಿರಿ, ಆಗ ಬ್ರೆಡ್ ಬಿಡುವ ಬಗ್ಗೆ ಮಾತಾಡೋಣ.

ಆದರೆ ಈ ಪ್ರಯೋಗಕ್ಕೆ ಮುಂಚೆ ತೂಕದ ವಿಷಯ. ಅರ್ಧ ಊಟ ಬಿಟ್ಟಿದ್ದರಿಂದಲೇ 5 ಕೆ.ಜಿ. ಇಳಿದಿರಬಹುದು, ನನ್ನ ಊಹೆಯೂ ಅದೇ. ಆದರೆ ಊಹೆಯ ಮೇಲೆ ಬಿಡುವಂತಿಲ್ಲ. ಈ ವಾರವೇ ಒಬ್ಬ ಫಿಸಿಶಿಯನ್ ಹತ್ತಿರ ಹೋಗಿ. ಹಿಮೋಗ್ಲೋಬಿನ್, ಥೈರಾಯ್ಡ್, ಸಕ್ಕರೆ, ಇಎಸ್‌ಆರ್, ಬಿ12, ಮಲ ಪರೀಕ್ಷೆ, ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿ. ಜೊತೆಗೆ ಸೀಲಿಯಾಕ್ ಕಾಯಿಲೆಗೆ ಟಿಟಿಜಿ ಐಜಿಎ ಮತ್ತು ಒಟ್ಟು ಐಜಿಎ ಅನ್ನುವ ರಕ್ತ ಪರೀಕ್ಷೆಗಳು. ಗೋಧಿಯ ಗ್ಲುಟೆನ್‌ನಿಂದ ಕರುಳು ಹಾಳಾಗುವ ಈ ಕಾಯಿಲೆ ಉತ್ತರ ಭಾರತದಲ್ಲಿ ಇರುವಷ್ಟು ನಮ್ಮ ಕಡೆ ಇಲ್ಲ, ಆದರೆ ಇಲ್ಲವೇ ಇಲ್ಲ ಅಂತಲ್ಲ. ಒಂದು ಎಚ್ಚರ: ಗೋಧಿ ಬಿಟ್ಟು ತಿಂಗಳುಗಟ್ಟಲೆ ಆಗಿದ್ದರೆ ಈ ಟೆಸ್ಟ್ ಸುಳ್ಳು ನೆಗೆಟಿವ್ ಬರಬಹುದು. ನೀವು ಚಪಾತಿಯನ್ನೂ ಬಿಟ್ಟಿದ್ದರೆ ಡಾಕ್ಟರಿಗೆ ಮೊದಲೇ ಹೇಳಿ. ಆರು ವಾರ ದಿನಕ್ಕೆ ಎರಡು ಹೊತ್ತು ಗೋಧಿ ತಿಂದು ಆಮೇಲೆ ರಕ್ತ ಕೊಡುವುದು ಸರಿಯಾದ ಕ್ರಮ. ಮಿಕ್ಕ ಟೆಸ್ಟ್‌ಗಳಿಗೆ ಕಾಯಬೇಕಿಲ್ಲ.

ಮಲದಲ್ಲಿ ರಕ್ತ, ಕಪ್ಪು ಮಲ, ರಾತ್ರಿ ನಿದ್ದೆಯಿಂದ ಎಬ್ಬಿಸುವ ಭೇದಿ, ಸಂಜೆ ಜ್ವರ, ನುಂಗಲು ಕಷ್ಟ, ಚೆನ್ನಾಗಿ ಉಣ್ಣಲು ಶುರು ಮಾಡಿದ ಮೇಲೂ ಇಳಿಯುವ ತೂಕ – ಇವುಗಳಲ್ಲಿ ಒಂದಿದ್ದರೂ ಪಡ್ಡು, ನೋಟ್‌ಬುಕ್ ಎಲ್ಲ ಬದಿಗಿಟ್ಟು ಗ್ಯಾಸ್ಟ್ರೋ ತಜ್ಞರನ್ನು ನೋಡಿ.

ಕೊನೆಗೆ ಮಗಳು. ಬೇಡ. ಅವಳಿಗೆ ಆ ಟೆಸ್ಟ್ ಖಂಡಿತ ಬೇಡ. ಅವಳು ತಿನ್ನುವ ಹಾಲು, ಮೊಟ್ಟೆ, ಗೋಧಿ ಎಲ್ಲದಕ್ಕೂ ಐಜಿಜಿ ಬಂದೇ ಬರುತ್ತದೆ, ಬೆಳೆಯುವ ಮಗುವಿನ ತಟ್ಟೆಯಿಂದ ಒಂದೊಂದೇ ತೆಗೆಯುತ್ತಾ ಹೋಗುತ್ತೀರಿ. ಈ ವಯಸ್ಸಿನಲ್ಲಿ ಹೊಕ್ಕುಳ ಸುತ್ತ ಆಗಾಗ ಬಂದು ಹೋಗುವ ನೋವು ಬಹಳ ಮಕ್ಕಳಿಗೆ ಇರುತ್ತದೆ. ಮೊದಲು ಅವಳನ್ನು ಮೆಲ್ಲಗೆ ಕೇಳಿ, ಶಾಲೆಯಲ್ಲಿ ಟಾಯ್ಲೆಟ್‌ಗೆ ಹೋಗುತ್ತಾಳಾ ಅಂತ. ಎಷ್ಟೋ ಹೆಣ್ಣುಮಕ್ಕಳು ಬೆಳಗ್ಗೆಯಿಂದ ಸಂಜೆವರೆಗೆ ತಡೆದುಕೊಳ್ಳುತ್ತಾರೆ, ನೀರೂ ಕುಡಿಯುವುದಿಲ್ಲ, ಮಲ ಗಟ್ಟಿಯಾಗಿ ನೋವು ಬರುತ್ತದೆ. ಫೆಬ್ರವರಿ 10 ಮತ್ತು ಆಗಸ್ಟ್ 10ರಂದು ಶಾಲೆಯಲ್ಲಿ ಕೊಡುವ ಜಂತುಹುಳುವಿನ ಮಾತ್ರೆ ತಪ್ಪಿದೆಯಾ ನೋಡಿ. ಎತ್ತರ, ತೂಕ ಅಳೆಸಿ. ಬೆಳವಣಿಗೆ ನಿಂತಿದ್ದರೆ, ನೋವು ರಾತ್ರಿ ಎಬ್ಬಿಸುತ್ತಿದ್ದರೆ, ವಾಂತಿ ಅಥವಾ ಜ್ವರ ಇದ್ದರೆ ಮಕ್ಕಳ ಡಾಕ್ಟರಿಗೆ ತೋರಿಸಿ.

ನಿಮ್ಮ ಆಸ್ಪತ್ರೆ ಫೈಲಿನಲ್ಲಾಗಲಿ ಮಗಳ ಶಾಲೆಯ ಫಾರಂನಲ್ಲಾಗಲಿ ಈಸ್ಟ್ ಅಲರ್ಜಿ ಅಂತ ಬರೆಸಬೇಡಿ. ಹೆಪಟೈಟಿಸ್ ಬಿ ಲಸಿಕೆಯನ್ನು ಈಸ್ಟ್‌ನಲ್ಲಿ ಬೆಳೆಸಿ ತಯಾರಿಸುತ್ತಾರೆ. ಈಸ್ಟ್‌ಗೆ ತೀವ್ರ ಅಲರ್ಜಿ ಇರುವವರಿಗೆ ಅದನ್ನು ಕೊಡುವುದಿಲ್ಲ. ಒಂದು ಕೆಂಪು ಚುಕ್ಕೆಯನ್ನು ನಂಬಿ ಆ ಎರಡು ಪದ ಫೈಲಿಗೆ ಸೇರಿದರೆ ಮುಂದೆ ಬೇಕಾದ ಲಸಿಕೆಯನ್ನು ಯಾರಾದರೂ ತಡೆದುಬಿಡಬಹುದು. ಈಗಾಗಲೇ ಬರೆಸಿದ್ದರೆ, ಎರಡನೇ ಲ್ಯಾಬ್‌ನ ನೆಗೆಟಿವ್ ರಿಪೋರ್ಟ್ ತೆಗೆದುಕೊಂಡು ಹೋಗಿ ಫಿಸಿಶಿಯನ್ ಕೈಯಲ್ಲೇ ಅದನ್ನು ಹೊಡೆದು ಹಾಕಿಸಿ, ಪಕ್ಕದಲ್ಲಿ ಸಹಿ ಮತ್ತು ತಾರೀಕು ಹಾಕಿಸಿಕೊಳ್ಳಿ.